ಯಾವ ಕಾಯಿ ನಡೆಸಲಿ?

ಸಾಹಿತ್ಯ ಬಳಗದ ಪತ್ರದಲ್ಲಿ ವೀಡಿಯೋ ಗೇಮಿನ ಮಾತೇಕೆ ಎಂದು ಕೆಲವರಾದರೂ ಹುಬ್ಬೇರಿಸುತ್ತೀರಿ. ತಪ್ಪಿಲ್ಲ. ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂತು ಹೊಟ್ಟೆ ಹೊರೆಯುವ ನಮಗೇ, ಸಂಜೆ ಮನೆಗೆ ಬಂದಾಗ ಮಗ ಅಂಥದೇ ಪರದೆಯ ಮುಂದೆ ಕೂತಿರುವುದನ್ನು ಕಂಡರೆ ರೇಗುತ್ತದೆ. ಆದರೆ ಈಚೆಗೊಂದು ದಿನ ಅವನು ಆಟದ ನಡುವೆ ತಿರುಗಿ ಕೇಳಿದ: "ಅಪ್ಪಾ, ಒಬ್ಬ ತಾನಾಗಿಯೇ ನನ್ನನ್ನು ಹೊಡೆದು ಸಾಯಿಸು ಅಂತ ಕೇಳಿಕೊಂಡ. ಸಾಯಿಸಿದೆ. ತಪ್ಪಾ?" ನಮಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಆಟದಲ್ಲಿ ಮಾಡಿದ ಆಯ್ಕೆಯೊಂದು ಆಟ ನಿಲ್ಲಿಸಿದ ಮೇಲೂ ಹೀಗೆ ಕಾಡುವುದು ಹೇಗೆ ಎಂದು ಯೋಚಿಸಿದ್ದರ ಫಲ ಈ ಬರಹ. ಕೇಳಿಕೊಂಡವನು ಯಾರು ಎಂಬ ವಿಷಯಕ್ಕೆ ಆಮೇಲೆ ಬರೋಣ.

ಮೊದಲು ನಮಗೆಲ್ಲ ಗೊತ್ತಿರುವ ಆಟಗಳನ್ನೇ ತೆಗೆದುಕೊಳ್ಳಿ. ಹಾವು ಏಣಿಯಲ್ಲಿ ಆಡುವವನಿಗೆ ಕೆಲಸವೇ ಇಲ್ಲ. ದಾಳ ಉರುಳಿಸಿದರೆ ಆಯಿತು, ಏಣಿ ಹತ್ತುವುದೂ ಹಾವಿನ ಬಾಯಿಗೆ ಬೀಳುವುದೂ ದಾಳಕ್ಕೆ ಸೇರಿದ್ದು. ಚೌಕಾಬಾರದಲ್ಲಿ ಹಾಗಲ್ಲ. ಗರ ಬೀಳುವುದು ಕವಡೆಯ ಇಷ್ಟ. ನಾಲ್ಕು ಕಾಯಿಗಳಲ್ಲಿ ಯಾವುದನ್ನು ನಡೆಸುವುದು ಎಂಬುದು ನಮ್ಮ ಇಷ್ಟ. ಎದುರಾಳಿಯ ಕಾಯಿ ಹೊಡೆಯೋಣವೇ, ಹಣ್ಣಾಗಲು ಎರಡೇ ಮನೆ ಉಳಿದದ್ದನ್ನು ಮುಂದೆ ತಳ್ಳೋಣವೇ? ಒಂದನ್ನು ನಡೆಸಿದರೆ ಉಳಿದ ಮೂರು ನಿಂತಲ್ಲೇ ನಿಲ್ಲುತ್ತವೆ, ಏಟಿಗೆ ಸಿಗುವ ಜಾಗದಲ್ಲಿದ್ದರೂ ಸರಿ. "ಯೋಚನೆ ಮಾಡಿ ನಡೆಸೋ" ಎಂದು ಅಜ್ಜಿಯರು ಗದರುತ್ತಿದ್ದುದು ಈ ಆಟದಲ್ಲಿ, ಹಾವು ಏಣಿಯಲ್ಲಲ್ಲ. (ಆಟವೆಂದರೆ ಹಗುರವಾಗಿ ಕಾಣುವವರಿಗೆ ಒಂದು ಮಾತು: ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಇರುವುದು ಆಟಗಳೇ.)

ಕಂಪ್ಯೂಟರಿನ ಕಲ್ಪನಾಲೋಕದ ಆಟಗಳಲ್ಲಿ ಕೆಲವು ಸೈನ್ಯ, ರಾಜ್ಯಗಳನ್ನು ನಡೆಸುವಂಥವು; ಇನ್ನು ಕೆಲವು ಒಂದು ಪಾತ್ರವನ್ನು ಹೊತ್ತು ಕಥೆಯೊಳಗೆ ಸಾಗುವಂಥವು. ಎರಡರ ಡಬ್ಬಿಯ ಮೇಲೂ "ನಿಮ್ಮ ಆಯ್ಕೆಯೇ ಕಥೆಯನ್ನು ಬದಲಿಸುತ್ತದೆ" ಎಂಬ ಅರ್ಥದ ಜಾಹೀರಾತು ಇರುತ್ತದೆ. ನಮ್ಮ ಕಸುಬಿನ ಕಣ್ಣಿನಿಂದ ನೋಡಿದರೆ ಇದನ್ನು ಪೂರ್ತಿ ನಂಬುವಂತಿಲ್ಲ. ಹತ್ತು ಕಡೆ ಎರಡೆರಡು ದಾರಿ ಕೊಟ್ಟು, ಪ್ರತಿಯೊಂದೂ ಬೇರೆಯಾಗಿಯೇ ಮುಂದುವರಿಯಬೇಕೆಂದರೆ 1,024 ಕಥೆ ಬರೆಯಬೇಕು. ಇಪ್ಪತ್ತು ಕಡೆಯಾದರೆ ಸಂಖ್ಯೆ ಹತ್ತು ಲಕ್ಷ ದಾಟುತ್ತದೆ. ಅದು ಯಾರಿಂದಲೂ ಆಗದ ಕೆಲಸ. ಆದ್ದರಿಂದ ಕವಲೊಡೆದ ದಾರಿಗಳನ್ನು ನಾಲ್ಕು ಹೆಜ್ಜೆಯಾದ ಮೇಲೆ ಮತ್ತೆ ಕೂಡಿಸಿಬಿಡುತ್ತಾರೆ. ಪ್ರೋಗ್ರಾಮಿನಲ್ಲಿ ಒಂದು ಗುರುತು ಮಾತ್ರ ಉಳಿಯುತ್ತದೆ: ಇವನು ಆ ಮುದುಕಿಗೆ ನೀರು ಕೊಟ್ಟನೇ, ಹೌದು ಅಥವಾ ಇಲ್ಲ. ಮುಂದೆ ಎಲ್ಲಾದರೂ ಆ ಗುರುತನ್ನು ಓದಿ ಲೋಕ ಬೇರೆ ರೀತಿ ನಡೆದುಕೊಂಡರೆ ಆಯ್ಕೆಗೆ ಬೆಲೆ ಬಂತು. ಯಾರೂ ಓದದಿದ್ದರೆ ಅದು ಬರೀ ನಾಟಕ.

ಗುರುತು ಓದಿದರೂ ಸಾಲದು, ಏನಾದರೂ ಕಳೆದುಕೊಳ್ಳಬೇಕು. 2007ರಲ್ಲಿ ಬಂದ ಬಯೋಶಾಕ್ ಎಂಬ ಹೆಸರಾಂತ ಆಟದ ತಯಾರಿಕೆಯಲ್ಲಿ ನಮ್ಮ ಕ್ಯಾನ್‌ಬೆರಾದ ತಂಡದ ಪಾಲೂ ಇತ್ತು. ಅದರಲ್ಲಿ ಪುಟ್ಟ ಹುಡುಗಿಯರು ಸಿಗುತ್ತಾರೆ. ಅವರ ಮೈಯಲ್ಲಿ ಆಡಮ್ ಎಂಬ ಶಕ್ತಿದ್ರವ್ಯವಿದೆ. ಹುಡುಗಿಯನ್ನು ಬಲಿಗೊಟ್ಟರೆ 160 ಪಾಲು, ಉಳಿಸಿದರೆ 80. ಧರ್ಮಸಂಕಟವೆಂದರೆ ಇದು ಎನ್ನುವಷ್ಟರಲ್ಲಿ, ಮೂವರನ್ನು ಉಳಿಸಿದಾಗಲೆಲ್ಲ 200 ಪಾಲು ಉಡುಗೊರೆ ಬರುತ್ತದೆ! ಲೆಕ್ಕ ಹಾಕಿ: ಮೂವರಿಗೆ ಕ್ರೂರಿಗೆ 480, ದಯಾಳುವಿಗೆ 440. ಆತ್ಮಸಾಕ್ಷಿಯ ಬೆಲೆ ಬರೀ 40. ಒಳ್ಳೆಯತನಕ್ಕೆ ಕೈತುಂಬ ಸಂಬಳ ಕೊಟ್ಟರೆ ಅದು ಒಳ್ಳೆಯತನವೋ ಜಾಣತನವೋ ಆಡುವವನಿಗೇ ತಿಳಿಯದಂತಾಗುತ್ತದೆ.

ಇದಕ್ಕಿಂತ ಚೆನ್ನಾಗಿ ಈ ಲೆಕ್ಕವನ್ನು ಬಗೆಹರಿಸಿದವರು ನಮ್ಮ ಬಳಗದವರಿರುವ ಮೂರು ಊರುಗಳಲ್ಲೇ ಇದ್ದಾರೆ. ಬ್ರಿಸ್ಬೇನಿನ ಡಿಫೈಯಂಟ್ ಡೆವಲಪ್‌ಮೆಂಟ್ ತಂಡ 2015ರಲ್ಲಿ ಹ್ಯಾಂಡ್ ಆಫ್ ಫೇಟ್ ಎಂಬ ಆಟ ಹೊರತಂದಿತು. ವಿಧಿಯ ಕೈ ಎನ್ನಬಹುದು. ಇಸ್ಪೀಟಿನ ಕೈ ಎಂಬ ಅರ್ಥವೂ ಒಳಗೇ ಇದೆ. ಮೇಜಿನಾಚೆ ಮುಸುಕು ಹಾಕಿದವನೊಬ್ಬ ಎಲೆ ಹಂಚುತ್ತಾನೆ. ಕಟ್ಟಿಗೆ ಯಾವ ಎಲೆಗಳು ಹೋಗಬೇಕೆಂದು ಆರಿಸುವವರು ನಾವೇ, ಅವನೂ ತನ್ನವನ್ನು ಸೇರಿಸುತ್ತಾನೆ. ಬೋರಲಾಗಿ ಹರಡಿದ ಎಲೆಗಳ ಮೇಲೆ ನಮ್ಮ ಕಾಯಿ ನಡೆಯಬೇಕು. ಪ್ರತಿ ಹೆಜ್ಜೆಗೂ ಬುತ್ತಿ ಕರಗುತ್ತದೆ. ಬುತ್ತಿ ಮುಗಿದ ಮೇಲಿನ ಹೆಜ್ಜೆಗಳು ಪ್ರಾಣವನ್ನೇ ತಿನ್ನುತ್ತವೆ. ಹಾಗಾಗಿ ಎಲ್ಲ ಎಲೆಗಳನ್ನೂ ಮಗುಚಿ ನೋಡುವ ಆಸೆಗೆ ಬೆಲೆ ತೆರಬೇಕು. ಎಷ್ಟೋ ಕಡೆ ನಾಲ್ಕು ಎಲೆ ಕಲಸಿ "ಒಂದು ತೆಗೆ" ಎನ್ನುತ್ತಾನೆ. ಅಲ್ಲಿ ಅದೃಷ್ಟ ಕೆಟ್ಟರೂ ಆ ಸಂಕಟವನ್ನು ಕಟ್ಟಿಗೆ ಸೇರಿಸಿದ್ದು ನಾವೇ ಇರಬಹುದು, ಯಾರನ್ನು ಬೈಯುವುದು? 2017ರಲ್ಲಿ ಎರಡನೆಯ ಭಾಗವೂ ಬಂತು. 2019ರಲ್ಲಿ ಆ ತಂಡ ಆಟ ಕಟ್ಟುವುದನ್ನು ನಿಲ್ಲಿಸಿತು.

ಪರ್ತ್‌ನ ಬ್ಲ್ಯಾಕ್ ಲ್ಯಾಬ್ ಗೇಮ್ಸ್‌ನವರ ದಾರಿ ಬೇರೆ. ಅವರ ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ ಡೆಡ್‌ಲಾಕ್ (2017) ರಾಜ ರಾಕ್ಷಸರ ಕಥೆಯಲ್ಲ, ಅಂತರಿಕ್ಷದ ಹಡಗುಗಳ ಯುದ್ಧ. ಚದುರಂಗದಂತೆ ಒಬ್ಬರಾದ ಮೇಲೆ ಒಬ್ಬರು ನಡೆಸುವ ಪದ್ಧತಿ ಅಲ್ಲಿಲ್ಲ. ಇಬ್ಬರೂ ಗುಟ್ಟಾಗಿ ಆಜ್ಞೆ ಬರೆದಿಡುತ್ತಾರೆ, ಆಮೇಲೆ ಎರಡೂ ಒಟ್ಟಿಗೆ ನಡೆಯುತ್ತವೆ. ಆ ಕೆಲವು ಕ್ಷಣ ನಮ್ಮ ಹಡಗು ತಪ್ಪು ದಿಕ್ಕಿಗೆ ಹೊರಟಿದ್ದನ್ನು ನೋಡುತ್ತಾ ಕೂರುವುದಷ್ಟೇ ಕೆಲಸ. ಎಲ್ಲವೂ ಗೊತ್ತಿದ್ದರೆ ಅದು ಬರೀ ಗಣಿತ, ಏನೂ ಗೊತ್ತಿಲ್ಲದಿದ್ದರೆ ಲಾಟರಿ. ಅರ್ಧ ಗೊತ್ತಿರುವಾಗ ಮಾಡಿದ್ದನ್ನೇ ನಾವು ನಿರ್ಧಾರ ಎನ್ನುವುದು.

ಇನ್ನು ನಮ್ಮ ಹುಡುಗನ ಪ್ರಶ್ನೆ. ಅವನು ಆಡುತ್ತಿದ್ದುದು ಅಡಿಲೇಡಿನ ಟೀಮ್ ಚೆರಿ ಎಂಬ ಪುಟ್ಟ ತಂಡ 2017ರಲ್ಲಿ ಹೊರತಂದ ಹಾಲೋ ನೈಟ್. 2014ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಜನರಿಂದಲೇ ಸುಮಾರು 57 ಸಾವಿರ ಡಾಲರ್ ಎತ್ತಿ ಶುರುಮಾಡಿದ ಆಟ. (ಅದರ ಮುಂದುವರಿಕೆಯಾದ ಸಿಲ್ಕ್‌ಸಾಂಗ್ 2025ರ ಸೆಪ್ಟೆಂಬರಿನಲ್ಲಿ ಬಂತು.) ನೆಗೆತ, ಹೊಡೆತಗಳೇ ಹೆಚ್ಚಾದ್ದರಿಂದ ಇದನ್ನು ಪಾತ್ರ ವಹಿಸುವ ಆಟಗಳ ಸಾಲಿಗೆ ಸೇರಿಸಲು ಶಾಸ್ತ್ರಜ್ಞರು ಒಪ್ಪಲಾರರು. ಇರಲಿ. ಪಾತ್ರಗಳೆಲ್ಲ ಹುಳುಹುಪ್ಪಟೆಗಳು, ಹಾಳುಬಿದ್ದ ರಾಜ್ಯ, ಕತ್ತಿಗೆ ಅಲ್ಲಿ 'ಮೊಳೆ' ಎಂದು ಹೆಸರು. ಒಬ್ಬ ಕಮ್ಮಾರನಿದ್ದಾನೆ. ನಾಲ್ಕು ಸಲ ನಮ್ಮ ಮೊಳೆಯನ್ನು ಸಾಣೆ ಹಿಡಿದು, ಕಾಯಿಸಿ, ಬಡಿದು, ಕೊನೆಗೆ ಇದಕ್ಕಿಂತ ಶುದ್ಧವಾದದ್ದು ಸಾಧ್ಯವಿಲ್ಲ ಎನ್ನುವ ಆಯುಧ ಮಾಡಿಕೊಡುತ್ತಾನೆ. ಅವನ ಜನ್ಮದ ಕೆಲಸ ಅಲ್ಲಿಗೆ ಮುಗಿಯಿತು. ಹೊರಗೆ ಬಂದು ನಿಂತು, ಆ ಮೊಳೆಯ ಏಟನ್ನು ತನ್ನ ಮೇಲೇ ನೋಡಬೇಕೆಂದು ಬೇಡುತ್ತಾನೆ.

ಪರದೆಯ ಮೇಲೆ 'ಕೊಲ್ಲು', 'ಬಿಡು' ಎಂಬ ಎರಡು ಗುಂಡಿಗಳು ಬರುವುದಿಲ್ಲ. ಅಲ್ಲಿಯವರೆಗೆ ಸಾವಿರಾರು ಸಲ ಒತ್ತಿದ ಅದೇ ಹೊಡೆಯುವ ಗುಂಡಿ ಬೆರಳಡಿಯಲ್ಲಿದೆ, ಅಷ್ಟೇ. ಒತ್ತಿದರೆ ಒಂದೇ ಏಟಿಗೆ ಅವನು ಸತ್ತುಬೀಳುತ್ತಾನೆ. ಸುಮ್ಮನೆ ನಡೆದುಹೋಗಬಹುದೆಂದು ಆಟ ಹೇಳಿಕೊಡುವುದಿಲ್ಲ. ಹಾಗೆ ಹೋದವರಿಗೆ ಬಹಳ ಹೊತ್ತಿನ ಮೇಲೆ, ಇನ್ನೆಲ್ಲೋ, ಆಯುಧ ಬಿಟ್ಟು ಕುಂಚ ಹಿಡಿದ ಹಳೆಯ ಕತ್ತಿವರಸೆಯ ಗುರುವೊಬ್ಬನ ಮನೆಯಲ್ಲಿ ಈ ಕಮ್ಮಾರ ಕಾಣಸಿಗುತ್ತಾನೆ, ಚಿತ್ರಕ್ಕೆ ರೂಪದರ್ಶಿಯಾಗಿ ನಿಂತು. ನಮ್ಮ ಹುಡುಗನಿಗೆ ಅದು ಗೊತ್ತಾದದ್ದು ಗೆಳೆಯನ ಬಾಯಿಂದ, ಕೊಂದ ಮೇಲೆ. ಪ್ರಶ್ನೆ ಹುಟ್ಟಿದ್ದು ಆಗ.

ಸಾಹಿತ್ಯ ಓದುವ ನಮಗೆ ನೆನಪಾದದ್ದು ಕರ್ಣ. ಪಂಪನಲ್ಲಿ ಓದಿ, ಕುಮಾರವ್ಯಾಸನಲ್ಲಿ ಓದಿ, ಕೃಷ್ಣ ಜನ್ಮರಹಸ್ಯ ಹೇಳುವ ಆ ಗಳಿಗೆಯಲ್ಲಿ ಕರ್ಣನ ಮುಂದೆ ಎರಡು ದಾರಿಗಳಿವೆ, ಎರಡರಲ್ಲೂ ತನ್ನವರು ಕೈಬಿಟ್ಟು ಹೋಗುತ್ತಾರೆ. ಎಷ್ಟು ಸಲ ಓದಿದರೂ "ಈ ಸಲವಾದರೂ ತಮ್ಮಂದಿರ ಕಡೆ ಹೋಗಯ್ಯಾ" ಎಂದು ಒಳಗೊಳಗೇ ಹಾರೈಸುತ್ತೇವೆ, ಅವನು ಹೋಗುವುದಿಲ್ಲ. ಅವನ ಸಂಕಟ ನಮ್ಮದಾಗುತ್ತದೆ, ತಪ್ಪು ಮಾತ್ರ ನಮ್ಮದಾಗುವುದಿಲ್ಲ. ಆಟದಲ್ಲಿ ಬೆರಳು ನಮ್ಮದು. ಕಮ್ಮಾರ ಕುಮಾರವ್ಯಾಸನ ಕರ್ಣನಿಗೆ ಸಮ ಎಂದು ನಾವೇನೂ ಹೇಳುತ್ತಿಲ್ಲ, ಬಡಿಗೆ ಹಿಡಿದು ಬರಬೇಡಿ. ಆದರೆ ಕನ್ನಡ ಅಕ್ಷರ ಓದಲು ಬಾರದ ಮಗ, ಇಂಗ್ಲಿಷ್ ಬೆರೆಸಿದ ತನ್ನ ಕನ್ನಡದಲ್ಲಿ, ನಮ್ಮ ಕೂಟದಲ್ಲಿ ನಾವು ವರ್ಷಗಟ್ಟಲೆ ಚರ್ಚಿಸಿದ ಪ್ರಶ್ನೆಯನ್ನೇ ಕೇಳಿದ್ದ.

ಅವನಿಗೆ ಅಂದು ಕರ್ಣನ ಕಥೆ ಹೇಳಿದೆವು. ಪೂರ್ತಿ ಕೇಳಿ, "ಅವನಿಗೆ ಸೇವ್ ಇರಲಿಲ್ಲವಲ್ಲ" ಎಂದ. ಅನೇಕ ಆಟಗಳಲ್ಲಿ ಹಳೆಯ ಪ್ರತಿ ಉಳಿಸಿಟ್ಟುಕೊಂಡು ಹಿಂದಕ್ಕೆ ಹೋಗಬಹುದು. ಆಗ ಯಾವ ನಿರ್ಧಾರವೂ ನಿಲ್ಲುವುದಿಲ್ಲ. ಹಾಲೋ ನೈಟ್ ತಾನೇ ಉಳಿಸಿಕೊಂಡು ಹೋಗುತ್ತದೆ, ಸತ್ತ ಕಮ್ಮಾರ ಸತ್ತಂತೆಯೇ. ಅವನನ್ನು ಬದುಕಿಸಬೇಕೆಂದರೆ ಮೊದಲಿನಿಂದ ಬೇರೆ ಆಟ ಹೂಡಬೇಕು. ಈ ರಜೆಯಲ್ಲಿ ನಮ್ಮ ಹುಡುಗ ಅದನ್ನೇ ಮಾಡುತ್ತಿದ್ದಾನೆ. ನಾಲ್ಕರಲ್ಲಿ ಇನ್ನೂ ಎರಡನೆಯ ಸಾಣೆಯ ಹತ್ತಿರ ಇದ್ದಾನೆ.