ಕಾಗದ ಬಿಳಿ ಮಾಡಲು ಕ್ಲೋರಿನ್ ಕಡಿಮೆ ಸಾಕು: ಕಾಫಿ ಟ್ಯಾಂಕಿನ ಕೆಲಸವೇ ಕಾಗದದ ಕಾರ್ಖಾನೆಯಲ್ಲೂ

ಶನಿವಾರಸಂತೆ: ಪಲ್ಪರ್‌ನಲ್ಲಿ ಸಿಪ್ಪೆ ತೆಗೆದ ಅರೇಬಿಕಾ ಕಾಫಿ ಬೀಜಕ್ಕೆ ಲೋಳೆ ಅಂಟಿಕೊಂಡೇ ಇರುತ್ತದೆ. ಬರೀ ನೀರಿಗೆ ಅದು ಸುಲಭವಾಗಿ ಬಿಡಲ್ಲ. ಟ್ಯಾಂಕಿನಲ್ಲಿ ಒಂದು, ಒಂದೂವರೆ ದಿನ ಬಿಟ್ಟರೆ ತಾನಾಗಿಯೇ ಸಡಿಲವಾಗುತ್ತದೆ, ಆಮೇಲೆ ತೊಳೆದರೆ ಹೋಗುತ್ತದೆ. ಶನಿವಾರಸಂತೆ, ಕೊಡ್ಲಿಪೇಟೆ ಕಡೆಯ ಬೆಳೆಗಾರರಿಗೆ ಇದು ಹೊಸದೇನಲ್ಲ. ಲೋಳೆಯನ್ನು ಕರಗಿಸುವುದು ಕಿಣ್ವಗಳು, ಅಂದರೆ ಎನ್‌ಜೈಮ್‌ಗಳು. ಮಕ್ಕಳ ನೋಟ್‌ಬುಕ್ಕಿನ ಬಿಳಿ ಹಾಳೆ ತಯಾರಿಸುವಾಗಲೂ ಇಂಥದ್ದೇ ಕಿಣ್ವ ಬಳಸಬಹುದು. ಅದರಿಂದ ನದಿಗೆ ಸೇರುವ ವಿಷವೂ ಕಡಿಮೆಯಾಗುತ್ತದೆ.

ಮರದ ತಿರುಳು ಕಂದು ಏಕೆ?

ಮರದಲ್ಲಿ ಮುಖ್ಯವಾಗಿ ಮೂರು ವಸ್ತುಗಳಿವೆ. ಕಾಗದವಾಗುವ ನಾರು ಸೆಲ್ಯುಲೋಸ್. ನಾರುಗಳನ್ನು ಗೋಂದಿನಂತೆ ಹಿಡಿದಿಡುವುದು ಲಿಗ್ನಿನ್. ಎರಡರ ನಡುವೆ ಇರುವುದು ಹೆಮಿಸೆಲ್ಯುಲೋಸ್. ನೀಲಗಿರಿ, ಅಕೇಶಿಯಾದಂಥ ಮರಗಳಲ್ಲಿ ಈ ಹೆಮಿಸೆಲ್ಯುಲೋಸ್‌ನ ಬಹುಪಾಲು ಕ್ಸೈಲಾನ್.

ಮರದ ಚೂರುಗಳನ್ನು ಕಾಸ್ಟಿಕ್ ಸೋಡಾ, ಸೋಡಿಯಂ ಸಲ್ಫೈಡ್ ಜೊತೆ ಸುಮಾರು 160ರಿಂದ 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತಾರೆ. ಆಗ ಲಿಗ್ನಿನ್ ಬಹುಪಾಲು ಕರಗಿಹೋಗುತ್ತದೆ, ಸ್ವಲ್ಪ ಮಾತ್ರ ಉಳಿಯುತ್ತದೆ. ತಿರುಳು ಕಂದು ಬಣ್ಣಕ್ಕಿರುವುದು ಆ ಸ್ವಲ್ಪದಿಂದಲೇ. ರಟ್ಟಿನ ಪೆಟ್ಟಿಗೆಗೆ ಆ ಬಣ್ಣ ನಡೆಯುತ್ತದೆ, ಬರೆಯುವ ಹಾಳೆಗೆ ನಡೆಯಲ್ಲ. ಅದಕ್ಕೇ ಕ್ಲೋರಿನ್ ಅಥವಾ ಕ್ಲೋರಿನ್ ಡೈಆಕ್ಸೈಡ್ ಹಾಕಿ ಬಿಳುಪು ಮಾಡುತ್ತಾರೆ.

ತೊಂದರೆ ಶುರುವಾಗುವುದು ಇಲ್ಲೇ. ಕ್ಲೋರಿನ್ ಲಿಗ್ನಿನ್ ಜೊತೆ ಸೇರಿದಾಗ ಡಯಾಕ್ಸಿನ್ ಸೇರಿದಂತೆ ಹಲವು ವಿಷವಸ್ತುಗಳು ಹುಟ್ಟುತ್ತವೆ. ಇವು ಬೇಗ ಕೊಳೆಯಲ್ಲ, ಮೀನಿನ ಮೈಯಲ್ಲಿ ಸೇರಿಕೊಳ್ಳುತ್ತವೆ. ಕ್ಲೋರಿನ್ ಡೈಆಕ್ಸೈಡ್‌ನಿಂದ ಈ ಹಾನಿ ಬಹಳ ಕಡಿಮೆ, ಆದರೆ ಪೂರ್ತಿ ಇಲ್ಲ ಅಂತಲ್ಲ. ಕಾಗದ ತಯಾರಿಕೆಗೆ ನೀರು ಯಥೇಚ್ಛ ಬೇಕು. ಮೈಸೂರು ಸಂಸ್ಥಾನದ ಕಾಲದಲ್ಲಿ, 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಎಂಪಿಎಂ ಇರುವುದು ಭದ್ರಾ ದಂಡೆಯಲ್ಲಿ. ದಾಂಡೇಲಿಯ ಕಾರ್ಖಾನೆ ಇರುವುದು ಕಾಳಿ ನದಿ ದಂಡೆಯಲ್ಲಿ. ಇಂಥ ಕಡೆ ಕಾರ್ಖಾನೆಯಿಂದ ಹೊರಬರುವ ನೀರು ಹೇಗಿದೆ ಎನ್ನುವುದು ಕೆಳಗಿನ ಊರುಗಳ ಪ್ರಶ್ನೆಯೂ ಹೌದು.

ಕಿಣ್ವ ಮಾಡುವುದೇನು?

ಬೇಯಿಸುವಾಗ ಕರಗಿದ ಕ್ಸೈಲಾನ್‌ನಲ್ಲಿ ಒಂದಷ್ಟು ಮತ್ತೆ ನಾರಿನ ಮೇಲೆ ಪದರವಾಗಿ ಕೂರುತ್ತದೆ. ಉಳಿದ ಲಿಗ್ನಿನ್ ಅದರಡಿ ಸಿಕ್ಕಿಕೊಳ್ಳುತ್ತದೆ. ಕ್ಸೈಲನೇಸ್ ಎಂಬ ಕಿಣ್ವ ಈ ಪದರವನ್ನು ಕತ್ತರಿಸುತ್ತದೆ. ಅದು ತಾನೇ ಬಿಳಿ ಮಾಡಲ್ಲ, ದಾರಿ ಬಿಡಿಸಿಕೊಡುತ್ತದೆ ಅಷ್ಟೇ. ಸಿಕ್ಕಿಬಿದ್ದ ಲಿಗ್ನಿನ್ ಸುಲಭವಾಗಿ ಹೊರಬರುವುದರಿಂದ ರಾಸಾಯನಿಕ ಕಡಿಮೆ ಸಾಕಾಗುತ್ತದೆ. ಫಿನ್ಲೆಂಡ್‌ನ ಲೀಸಾ ವೀಕಾರಿ ಮತ್ತು ಸಂಗಡಿಗರು 1986ರಲ್ಲಿ ಇದನ್ನು ತೋರಿಸಿಕೊಟ್ಟರು. ಸಾಮಾನ್ಯವಾಗಿ ಶೇ. 15ರಿಂದ 20ರಷ್ಟು ಕ್ಲೋರಿನ್ ಉಳಿತಾಯವಾಗುತ್ತದೆ. ಬಿಳುಪು ಮಾಡುವ ಮೊದಲು ತಿರುಳಿಗೆ ಕಿಣ್ವ ಬೆರೆಸಿ ಒಂದೆರಡು ಗಂಟೆ ಬಿಟ್ಟರಾಯಿತು, ಯಂತ್ರಗಳನ್ನು ಬದಲಿಸುವ ಖರ್ಚು ಹೆಚ್ಚಿಲ್ಲ.

ಮೆಣಸಿನ ಬಳ್ಳಿಯ ಬುಡಕ್ಕೆ ಹಾಕುವ ಟ್ರೈಕೋಡರ್ಮಾ ಇಲ್ಲಿನ ತೋಟಗಳಲ್ಲಿ ಎಲ್ಲರಿಗೂ ಗೊತ್ತು. ಅದರ ದಾಯಾದಿ ಶಿಲೀಂಧ್ರವೊಂದು ಈ ಕಿಣ್ವವನ್ನು ಕೊಡುತ್ತದೆ. ಕೆಲವು ಬ್ಯಾಕ್ಟೀರಿಯಾಗಳಿಂದಲೂ ಪಡೆಯುತ್ತಾರೆ.

ಎಚ್ಚರ ಎಲ್ಲಿ ಬೇಕು?

ಕ್ಸೈಲನೇಸ್ ಜೊತೆ ಸೆಲ್ಯುಲೇಸ್ ಎಂಬ ಇನ್ನೊಂದು ಕಿಣ್ವ ಬೆರೆತಿರಬಾರದು. ಅದು ನಾರನ್ನೇ ತಿಂದುಹಾಕಿ ಕಾಗದದ ಗಟ್ಟಿತನ ಕೆಡಿಸುತ್ತದೆ. ಕಾಫಿಯನ್ನು ಟ್ಯಾಂಕಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ರುಚಿ ಕೆಡುವಂತೆ, ಇಲ್ಲೂ ಹದ ತಪ್ಪಬಾರದು. ಬೆಂದ ತಿರುಳು ಬಿಸಿಯಾಗಿ, ಕ್ಷಾರವಾಗಿ ಇರುವುದರಿಂದ ಅದನ್ನು ತಾಳುವ ಕಿಣ್ವವೇ ಆಗಬೇಕು.

ಕರಗಿದ ಕ್ಸೈಲಾನ್ ಕೂಡ ಸಕ್ಕರೆಯ ಅಂಶವೇ. ಅದು ನೀರಿಗೆ ಸೇರಿ ಕೊಳೆಯುತ್ತದೆ, ನೀರಿನಲ್ಲಿರುವ ಆಮ್ಲಜನಕವನ್ನು ತಿನ್ನುತ್ತದೆ. ಪಲ್ಪಿಂಗ್ ನೀರನ್ನು ನೇರ ತೋಡಿಗೆ ಬಿಡಬಾರದು ಎನ್ನುವುದು ಇದೇ ಕಾರಣಕ್ಕೆ. ಹೀಗಾಗಿ ಕಿಣ್ವ ಬಳಸಿದರೂ ಕಾರ್ಖಾನೆ ತನ್ನ ನೀರನ್ನು ಶುದ್ಧೀಕರಿಸಲೇಬೇಕು. ಆದರೆ ಸಕ್ಕರೆಯ ಕೊಳೆಯನ್ನು ಶುದ್ಧೀಕರಣ ಘಟಕದಲ್ಲಿ ತೆಗೆಯಬಹುದು, ಕ್ಲೋರಿನ್ ಸೇರಿದ ವಿಷವನ್ನು ತೆಗೆಯುವುದು ಅಷ್ಟು ಸುಲಭವಲ್ಲ. ಅದು ಹುಟ್ಟದಂತೆ ನೋಡಿಕೊಳ್ಳುವುದೇ ಒಳ್ಳೆಯದು.