ರಾತ್ರಿ ಒಂಬತ್ತೂವರೆಗೆ ಕರೆಂಟ್ ಕಟ್!

“ಹಿಂದಿನ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ. ಇಂದು ರಾತ್ರಿ 9.30ಕ್ಕೆ ನಿಮ್ಮ ಮನೆಯ ಕರೆಂಟ್ ಕಟ್ ಆಗುತ್ತದೆ. ಕೂಡಲೇ ಈ ನಂಬರಿಗೆ ಫೋನ್ ಮಾಡಿ.” 2022ರ ಸುಮಾರಿಗೆ ಊರೂರಿನ ಮೊಬೈಲುಗಳಿಗೆ ಬಂದ ಸಂದೇಶಗಳ ಧಾಟಿ ಇದು. ಬೆಂಗಳೂರಿನ ವಿದ್ಯುತ್ ಸರಬರಾಜು ಕಂಪನಿ ಬೆಸ್ಕಾಂ ಕೂಡ ತನ್ನ ಗ್ರಾಹಕರನ್ನು ಎಚ್ಚರಿಸಬೇಕಾಯಿತು. ಜಾಣತನವೆಲ್ಲ ಅಡಗಿರುವುದು ಆ ಒಂಬತ್ತೂವರೆಯಲ್ಲಿ. ಅಷ್ಟು ಹೊತ್ತಿಗೆ ಕಚೇರಿ ಮುಚ್ಚಿರುತ್ತದೆ, ಕೇಳೋಣವೆಂದರೆ ಅಲ್ಲಿ ಯಾರೂ ಸಿಗುವುದಿಲ್ಲ; ಬಿಲ್ ಕಟ್ಟಿದವರಿಗೂ ಒಮ್ಮೆ ಎದೆ ಝಲ್ಲೆನ್ನುತ್ತದೆ. ಫೋನ್ ಮಾಡಿದರೆ ಆ ಕಡೆಯವನು ಬಹಳ ವಿನಯದಿಂದ ಒಂದು ಆ್ಯಪ್ ಹಾಕಿಸಿ, ಹತ್ತೇ ಹತ್ತು ರೂಪಾಯಿ ಕಟ್ಟಿ ಅನ್ನುತ್ತಾನೆ. ಆ ಆ್ಯಪ್ ನಿಮ್ಮ ಮೊಬೈಲಿನ ಪರದೆಯನ್ನು ಅವನಿಗೆ ತೋರಿಸುತ್ತಿರುತ್ತದೆ. ಕಾರ್ಡ್ ನಂಬರ್, ಓಟಿಪಿ ಎಲ್ಲವೂ ಅವನ ಕಣ್ಣೆದುರಿಗೇ.

ಫಿಶಿಂಗ್ ಅಂದರೆ ಇದೇ. ತಿಳಿಯದವರಷ್ಟೇ ಇದಕ್ಕೆ ಬಲಿಯಾಗುತ್ತಾರೆ ಎಂದುಕೊಳ್ಳುವಂತಿಲ್ಲ.

2016ರ ಮಾರ್ಚ್‌ನಲ್ಲಿ ಹಿಲರಿ ಕ್ಲಿಂಟನ್ ಅವರ ಚುನಾವಣಾ ಪ್ರಚಾರದ ಮುಖ್ಯಸ್ಥ ಜಾನ್ ಪೊಡೆಸ್ಟಾ ಅವರ ಜಿಮೇಲ್‌ಗೆ ಗೂಗಲ್ ಹೆಸರಿನಲ್ಲೊಂದು ಪತ್ರ ಬಂತು. ‘ನಿಮ್ಮ ಪಾಸ್‌ವರ್ಡ್ ಉಕ್ರೇನಿನಲ್ಲಿ ಯಾರಿಗೋ ಸಿಕ್ಕಿದೆ, ತಕ್ಷಣ ಬದಲಿಸಿ’ ಎಂಬ ಸೂಚನೆ, ಕೆಳಗೆ ಒತ್ತಲು ಒಂದು ಗುಂಡಿ. ಕಚೇರಿಯವರು ಒತ್ತುವ ಮೊದಲು ಕಂಪ್ಯೂಟರ್ ವಿಭಾಗವನ್ನು ಕೇಳಿದರು ಕೂಡ. ‘ಇದು ಅಸಲಿ ಪತ್ರ’ ಎಂಬ ಉತ್ತರ ಬಂತು. ‘ಅಸಲಿಯಲ್ಲ’ ಎಂದು ಬರೆಯಲು ಹೋಗಿ ಕೈತಪ್ಪಾಯಿತೆಂದು ಆ ಸಿಬ್ಬಂದಿ ಆಮೇಲೆ ಹೇಳಿದ. ವಿಪರ್ಯಾಸವೆಂದರೆ, ಅದೇ ಉತ್ತರದಲ್ಲಿ ಗೂಗಲ್‌ನ ನಿಜವಾದ ವಿಳಾಸವೂ ಇತ್ತು. ಒತ್ತಿದ್ದು ಮಾತ್ರ ನಕಲಿ ಪತ್ರದ ಗುಂಡಿಯನ್ನು. ಅಕ್ಟೋಬರ್‌ನಿಂದ ವಿಕಿಲೀಕ್ಸ್ ತಾಣವು ಪೊಡೆಸ್ಟಾ ಅವರ ಸಾವಿರಾರು ಪತ್ರಗಳನ್ನು ಬಹಿರಂಗಕ್ಕೆ ತಂದಿತು.

ಆದ್ದರಿಂದ ನೋಡಬೇಕಾದ್ದು ಲೋಗೋ ಅಲ್ಲ, ತಾಣದ ವಿಳಾಸ. ಅದರ ಆರಂಭದಲ್ಲಿ ಬ್ಯಾಂಕಿನ ಹೆಸರು ಯಾರು ಬೇಕಾದರೂ ಹಾಕಬಹುದು; ಮೊದಲ ಒಂಟಿ ಓರೆಗೆರೆಗೆ (/) ಮುಂಚೆ, ಕೊನೆಯಲ್ಲಿ ಇರುವ ಹೆಸರೇ ನಿಜವಾದ ಒಡೆಯನದು. ಈ ಗೊಂದಲ ತಪ್ಪಿಸಲೆಂದೇ ರಿಸರ್ವ್ ಬ್ಯಾಂಕ್, 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬದಲಾಗುವಂತೆ ಬ್ಯಾಂಕುಗಳಿಗೆ ಸೂಚಿಸಿತು. ಪಾಸ್‌ವರ್ಡ್‌ಗಳನ್ನು ಕಾಪಾಡಿ ತುಂಬಿಕೊಡುವ ಪಾಸ್‌ವರ್ಡ್ ಮ್ಯಾನೇಜರ್‌ನ ದೊಡ್ಡ ಉಪಕಾರವೂ ಇಲ್ಲೇ: ಕಣ್ಣು ಮೋಸಹೋದರೂ ಅದು ವಿಳಾಸ ತಾಳೆಯಾಗದ ತಾಣದಲ್ಲಿ ಪಾಸ್‌ವರ್ಡನ್ನು ತಾನಾಗಿ ತುಂಬುವುದಿಲ್ಲ.

ಒಂದೇ ಪಾಸ್‌ವರ್ಡನ್ನು ಎಲ್ಲ ಕಡೆ ಬಳಸುವವರಿಗೆ ಫಿಶಿಂಗ್ ಇಲ್ಲದೆಯೂ ಅಪಾಯವಿದೆ. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಕಳುವಾದ ಪಾಸ್‌ವರ್ಡ್‌ಗಳು 2016ರಲ್ಲಿ ಮಾರಾಟಕ್ಕೆ ಬಂದವು. ಆ ಬೆನ್ನಿಗೇ ಫೇಸ್‌ಬುಕ್‌ನ ಮಾರ್ಕ್ ಜುಕರ್‌ಬರ್ಗ್ ಅವರ ಟ್ವಿಟರ್ ಖಾತೆಯೇ ಪರರ ಕೈಸೇರಿತು! ಇಮೇಲ್‌ಗಾದರೂ ಬೇರೆಲ್ಲೂ ಬಳಸದ, ಉದ್ದನೆಯ ಪಾಸ್‌ವರ್ಡ್ ಇರಲಿ. ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿ ಬರುವುದು ಅಲ್ಲಿಗೇ. ಪಾಸ್‌ವರ್ಡಿನ ಜೊತೆಗೆ ಓಟಿಪಿಯಂಥ ಇನ್ನೊಂದು ಗುರುತನ್ನೂ ಕೇಳುವ ಎರಡು ಹಂತದ ಪರಿಶೀಲನೆಯನ್ನೂ ಆನ್ ಮಾಡಿಡಿ. ಓಟಿಪಿಯನ್ನು ಕೇಳಿದವರಿಗೆಲ್ಲ ಹೇಳುವವರಿಗೆ ಅದರಿಂದಲೂ ಪ್ರಯೋಜನವಿಲ್ಲ ಅನ್ನಿ.

ಹಣ ಹೋಗಿಯೇಬಿಟ್ಟರೆ ನಾಚಿಕೊಂಡು ಕೂರಬೇಡಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಕೈಯಿಂದ ಕೈಗೆ ದಾಟುವ ಮೊದಲು ದೂರು ತಲುಪಿದರೆ ಅದನ್ನು ಖಾತೆಯಲ್ಲೇ ತಡೆಹಿಡಿಯಲು ಸಾಧ್ಯವಿದೆ.