ಮೌನವು ಸಮ್ಮತಿಯಾಗಿತ್ತೇ? ಸಾಮೂಹಿಕ ಕಣ್ಗಾವಲು ಮತ್ತು ಜನಾಭಿಪ್ರಾಯ

ಅಪರಾಧದ ಶಂಕೆ ಇರುವವರನ್ನು ಮಾತ್ರ ಗಮನಿಸದೆ, ಯಾವ ಶಂಕೆಗೂ ಒಳಗಾಗದ ಕೋಟ್ಯಂತರ ಜನರ ದೂರವಾಣಿ ಮತ್ತು ಅಂತರ್ಜಾಲ ವ್ಯವಹಾರದ ವಿವರಗಳನ್ನು ಸರ್ಕಾರವು ಸಾರಾಸಗಟಾಗಿ ಕೂಡಿಹಾಕುವ ಪದ್ಧತಿಗೆ ಸಾಮೂಹಿಕ ಕಣ್ಗಾವಲು ಎಂದು ಹೆಸರು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯಾದ ಎನ್‌ಎಸ್‌ಎ ಇದನ್ನು ವರ್ಷಗಟ್ಟಲೆ ಗುಟ್ಟಾಗಿ ನಡೆಸಿಕೊಂಡು ಬಂದಿತ್ತೆಂಬುದು, ಅಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡೆನ್ ಒದಗಿಸಿದ ದಾಖಲೆಗಳನ್ನು ಗಾರ್ಡಿಯನ್ ಮತ್ತು ವಾಷಿಂಗ್ಟನ್ ಪೋಸ್ಟ್ ಪತ್ರಿಕೆಗಳು 2013ರ ಜೂನ್‌ನಲ್ಲಿ ಪ್ರಕಟಿಸಿದಾಗ ಬಯಲಾಯಿತು. ವೆರಿಜಾನ್ ಕಂಪನಿಯು ಗ್ರಾಹಕರ ಕರೆಗಳ ವಿವರವನ್ನು ಪ್ರತಿದಿನವೂ ಒಪ್ಪಿಸಬೇಕೆಂಬ ರಹಸ್ಯ ನ್ಯಾಯಾಲಯದ ಆದೇಶ ಮೊದಲು ಹೊರಬಂತು. ಗೂಗಲ್, ಫೇಸ್‌ಬುಕ್, ಮೈಕ್ರೋಸಾಫ್ಟ್ ಮೊದಲಾದ ಕಂಪನಿಗಳ ಮೂಲಕ ವಿದೇಶೀಯರ ಸಂವಹನವನ್ನು ಪಡೆಯುವ ಪ್ರಿಸಮ್ ಎಂಬ ಕಾರ್ಯಕ್ರಮದ ಸುದ್ದಿ ಮರುದಿನ ಬಂತು. ಅಲ್ಲಲ್ಲಿ ಮೆರವಣಿಗೆಗಳು ನಡೆದರೂ ಬಹುಪಾಲು ಜನ ತಮ್ಮ ಪಾಡಿಗೆ ತಾವಿದ್ದುದರಿಂದ, ಮೌನಂ ಸಮ್ಮತಿ ಲಕ್ಷಣಂ ಎಂಬ ಹಳೆಯ ಸೂತ್ರವನ್ನು ಅನ್ವಯಿಸಿ, ಜನ ಇದನ್ನು ಒಪ್ಪಿಕೊಂಡರು ಎನ್ನುವ ಅಭಿಪ್ರಾಯ ಬೇಗನೆ ಬೇರೂರಿತು.

ಈ ಅಭಿಪ್ರಾಯಕ್ಕೆ ಆಧಾರವಾಗಿ ಉಲ್ಲೇಖಗೊಳ್ಳುವುದು, ಅದೇ ಜೂನ್‌ನಲ್ಲಿ ಪ್ಯೂ ಸಂಶೋಧನಾ ಕೇಂದ್ರವು ವಾಷಿಂಗ್ಟನ್ ಪೋಸ್ಟ್ ಜೊತೆಗೂಡಿ ನಡೆಸಿದ ಸಮೀಕ್ಷೆ. ಭಯೋತ್ಪಾದನೆಯ ತನಿಖೆಗಾಗಿ ನ್ಯಾಯಾಲಯದ ರಹಸ್ಯ ಆದೇಶ ಪಡೆದು ಕೋಟ್ಯಂತರ ಜನರ ಕರೆಗಳ ಜಾಡು ಹಿಡಿಯುವುದು ಸರಿ ಎಂದವರು ಶೇ 56, ತಪ್ಪು ಎಂದವರು ಶೇ 41 ಎಂಬ ಅಂಕಿಗಳನ್ನು ಎಲ್ಲರೂ ಉದ್ಧರಿಸುತ್ತಾರೆ. ಆದರೆ ಅದೇ ಸಮೀಕ್ಷೆಯಲ್ಲಿ, ದಾಳಿಯನ್ನು ತಡೆಯುವುದಕ್ಕೇ ಆದರೂ ಸರ್ಕಾರವು ಎಲ್ಲರ ಇಮೇಲ್ ಮತ್ತು ಅಂತರ್ಜಾಲ ಚಟುವಟಿಕೆಯ ಮೇಲೆ ಕಣ್ಣಿಡಬಹುದೇ ಎಂದು ಕೇಳಿದಾಗ ಶೇ 52 ಜನ ಕೂಡದು ಎಂದಿದ್ದರು, ಕೂಡುತ್ತದೆ ಎಂದವರು ಶೇ 45 ಮಾತ್ರ. ಪ್ರಶ್ನೆಯಲ್ಲಿ ನ್ಯಾಯಾಲಯದ ಹೆಸರಿದ್ದರೆ ಒಂದು ಉತ್ತರ, ‘ಎಲ್ಲರ’ ಎಂಬ ಮಾತಿದ್ದರೆ ಇನ್ನೊಂದು ಉತ್ತರ ಎಂದಮೇಲೆ, ಒಂದೇ ಅಂಕಿಯನ್ನು ಹಿಡಿದು ಜನಮನವನ್ನು ತೂಗುವುದು ಸಾಧ್ಯವಾಗದು. ಕಾಲಕ್ರಮದಲ್ಲಿಯೂ ಒಲವು ಬದಲಾಯಿತು: 2014ರ ಜನವರಿಯ ಪ್ಯೂ ಸಮೀಕ್ಷೆಯಲ್ಲಿ ಈ ಮಾಹಿತಿ ಸಂಗ್ರಹವನ್ನು ಬೆಂಬಲಿಸಿದವರು ಶೇ 40ಕ್ಕೆ ಇಳಿದು, ವಿರೋಧಿಸಿದವರು ಶೇ 53ಕ್ಕೆ ಏರಿದ್ದರು.

ಇದಕ್ಕಿಂತ ಕುತೂಹಲಕರವಾದುದು ಪಕ್ಷಗಳ ಲೆಕ್ಕ. ಜಾರ್ಜ್ ಬುಷ್ ಅಧ್ಯಕ್ಷರಾಗಿದ್ದ 2006ರಲ್ಲಿ ಎನ್‌ಎಸ್‌ಎಯ ಕಣ್ಗಾವಲನ್ನು ಒಪ್ಪಿದ್ದ ರಿಪಬ್ಲಿಕನ್ನರು ಶೇ 75, ಡೆಮಾಕ್ರಾಟರು ಶೇ 37. ಒಬಾಮಾ ಅಧ್ಯಕ್ಷರಾಗಿದ್ದ 2013ರಲ್ಲಿ ರಿಪಬ್ಲಿಕನ್ನರು ಶೇ 52ಕ್ಕೆ ಇಳಿದರೆ ಡೆಮಾಕ್ರಾಟರು ಶೇ 64ಕ್ಕೆ ಏರಿದರು. ಎರಡು ಸಲ ಕೇಳಿದ ಪ್ರಶ್ನೆಗಳು ಅಕ್ಷರಶಃ ಒಂದೇ ಆಗಿರಲಿಲ್ಲವೆಂಬುದನ್ನು ಗಮನದಲ್ಲಿಟ್ಟುಕೊಂಡರೂ, ಒಪ್ಪಿಗೆಯ ದೊಡ್ಡ ಪಾಲು ಕಣ್ಗಾವಲಿಗಿಂತ ಹೆಚ್ಚಾಗಿ, ಕಾವಲು ಗೋಪುರದ ಮೇಲೆ ನಿಂತವರು ತಮ್ಮವರೇ ಎಂಬ ಭರವಸೆಗೆ ಸಂದಿತ್ತೆಂದು ಇದರಿಂದ ಊಹಿಸಬಹುದು.

ಮುಚ್ಚಿಡುವಂಥದ್ದೇನೂ ಇಲ್ಲದವರಿಗೆ ಕಣ್ಗಾವಲಿನಿಂದ ತೊಂದರೆಯಿಲ್ಲ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಷ್ಟೇ ಅಂಜುತ್ತಾರೆ ಎಂಬುದು ಎರಡನೆಯ ನಂಬಿಕೆ, ಮತ್ತು ಇದೇ ಹೆಚ್ಚು ಗಟ್ಟಿಯಾದುದು. ಕಾನೂನು ವಿದ್ವಾಂಸ ಜೊನಾಥನ್ ಪೆನ್ನಿ 2016ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ನೇರವಾಗಿ ಅಲುಗಿಸುತ್ತದೆ. ಭಯೋತ್ಪಾದನೆಗೆ ಸಂಬಂಧಿಸಿದ 48 ವಿಕಿಪೀಡಿಯ ಲೇಖನಗಳನ್ನು ಆಯ್ದು, ಅವುಗಳನ್ನು ತೆರೆದು ನೋಡಿದವರ ಸಂಖ್ಯೆಯನ್ನು 2013ರ ಜೂನ್‌ನ ಹಿಂದೆ ಮತ್ತು ಮುಂದೆ ಹೋಲಿಸಿದ ಪೆನ್ನಿಯವರಿಗೆ, ಸುದ್ದಿ ಬಯಲಾದೊಡನೆ ಆ ಸಂಖ್ಯೆ ಹತ್ತಿರ ಹತ್ತಿರ ಶೇ 30ರಷ್ಟು ಕುಸಿದಿದ್ದುದು ಕಂಡುಬಂತು. ವಿಶ್ವಕೋಶವನ್ನು ಓದುವುದು ಯಾವ ಕಾನೂನಿನಲ್ಲಿಯೂ ಅಪರಾಧವಲ್ಲ; ಓದದೆ ಹಿಂಜರಿದವರಲ್ಲಿ ಹೆಚ್ಚಿನವರು ಕುಂಬಳಕಾಯಿ ಕದ್ದವರೂ ಆಗಿರಲಾರರು. ಶಿಕ್ಷೆಯ ಆದೇಶವೇ ಇಲ್ಲದಿದ್ದರೂ, ಯಾರೋ ನೋಡುತ್ತಿರಬಹುದೆಂಬ ಎಣಿಕೆಯಿಂದ ಜನ ನ್ಯಾಯಸಮ್ಮತವಾದ ಓದು, ಬರಹ, ಮಾತುಗಳಿಂದ ತಾವಾಗಿಯೇ ಹಿಂದೆ ಸರಿಯುವ ಈ ಸ್ಥಿತಿಯನ್ನು ಸ್ವಯಂ ನಿರ್ಬಂಧವೆಂದು ಕರೆಯಬಹುದು. ಲೇಖಕರ ಸಂಘಟನೆಯಾದ ಪೆನ್ ಅಮೆರಿಕ 2013ರಲ್ಲಿ ವಿಚಾರಿಸಿದ ಬರಹಗಾರರಲ್ಲಿ ಶೇ 16 ಮಂದಿ ಕಣ್ಗಾವಲಿನ ಕಾರಣಕ್ಕೆ ಯಾವುದಾದರೊಂದು ವಿಷಯದ ಬಗ್ಗೆ ಬರೆಯುವುದನ್ನೋ ಮಾತನಾಡುವುದನ್ನೋ ಬಿಟ್ಟಿದ್ದುದಾಗಿ ಹೇಳಿದರು. ಪ್ಯೂ ಕೇಂದ್ರದ 2014ರ ಇನ್ನೊಂದು ವರದಿಯಂತೆ, ಸ್ನೋಡೆನ್ ಪ್ರಕರಣವನ್ನು ಎದುರೆದುರು ಕುಳಿತು ಚರ್ಚಿಸಲು ಶೇ 86 ಅಮೆರಿಕನ್ನರು ಸಿದ್ಧರಿದ್ದರೆ, ಅದನ್ನು ಫೇಸ್‌ಬುಕ್ ಅಥವಾ ಟ್ವಿಟರಿನಲ್ಲಿ ಬರೆಯಲು ಸಿದ್ಧರಿದ್ದವರು ಅವುಗಳ ಬಳಕೆದಾರರಲ್ಲಿ ಶೇ 42 ಮಾತ್ರ. ಸಮ್ಮತಿಯೆಂದು ಓದಿಕೊಂಡ ಮೌನದಲ್ಲಿ ಇಂಥ ಸ್ವಯಂ ನಿರ್ಬಂಧದ ಪಾಲೆಷ್ಟೆಂಬ ಪ್ರಶ್ನೆ ಉಳಿದೇ ಇದೆ.

ಸಂಗ್ರಹವಾದುದು ಬರೀ ಮೆಟಾಡೇಟಾ, ಅಂದರೆ ಯಾರು ಯಾರಿಗೆ ಯಾವಾಗ ಎಷ್ಟು ಹೊತ್ತು ಕರೆ ಮಾಡಿದರೆಂಬ ಹೊರಮೈಯ ವಿವರ, ಮಾತನ್ನು ಕದ್ದಾಲಿಸಲಿಲ್ಲವಾದ್ದರಿಂದ ಹಾನಿಯಿಲ್ಲ ಎಂಬ ಸಮಾಧಾನವೂ ಪ್ರಚಲಿತವಾಗಿತ್ತು. ಎನ್‌ಎಸ್‌ಎ 2013ರ ಮಾರ್ಚ್ ಒಂದೇ ತಿಂಗಳಲ್ಲಿ ಭಾರತದಿಂದ 630 ಕೋಟಿ ಮಾಹಿತಿ ತುಣುಕುಗಳನ್ನು ಸಂಗ್ರಹಿಸಿತ್ತೆಂದು ಗಾರ್ಡಿಯನ್ ವರದಿ ಮಾಡಿದ್ದರೂ, ಆಗಿನ ವಿದೇಶಾಂಗ ಸಚಿವ ಸಲ್ಮಾನ್ ಖುರ್ಷಿದ್ ಇದೇ ವಾದವನ್ನು ಹಿಡಿದು, ಇದು ನಿಜವಾದ ಗೂಢಚರ್ಯೆಯಲ್ಲ ಎಂದುಬಿಟ್ಟರು. ಆದರೆ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಸ್ವಯಂಸೇವಕರು ಒಪ್ಪಿ ಕೊಟ್ಟ ಇಂತಹ ಹೊರಮೈಯ ವಿವರಗಳನ್ನಷ್ಟೇ ಪರಿಶೀಲಿಸಿ, ಒಬ್ಬರಿಗೆ ಹೃದಯದ ಬಡಿತದ ತೊಂದರೆಯಿದೆ, ಇನ್ನೊಬ್ಬರ ಬಳಿ ಬಂದೂಕಿದೆ ಎಂಬುದನ್ನು ಕಂಡುಹಿಡಿದರು. ಹೃದ್ರೋಗ ವಿಭಾಗಕ್ಕೆ ಪದೇಪದೇ ಹೋಗುವ ಕರೆಗೆ ಮಾತಿನ ಅಗತ್ಯವಿಲ್ಲ.

ಗದ್ದಲವೆಲ್ಲ ವ್ಯರ್ಥವಾಯಿತೆಂಬ ಕೊನೆಯ ನಂಬಿಕೆ ಅರ್ಧ ಸತ್ಯ. ಅಮೆರಿಕನ್ನರ ಕರೆಗಳ ವಿವರವನ್ನು ಸಾರಾಸಗಟಾಗಿ ಕೂಡಿಹಾಕುವುದಕ್ಕೆ ಕಾನೂನಿನ ಒಪ್ಪಿಗೆಯೇ ಇರಲಿಲ್ಲವೆಂದು 2015ರ ಮೇನಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ಹೇಳಿತು, ಮುಂದಿನ ತಿಂಗಳು ಬಂದ ಫ್ರೀಡಂ ಕಾಯ್ದೆಯಿಂದ ಆ ಕಾರ್ಯಕ್ರಮ ವರ್ಷಾಂತ್ಯದೊಳಗೆ ನಿಂತಿತು. ಆದರೆ ಅಮೆರಿಕದ ಹೊರಗಿರುವ ವಿದೇಶೀಯರನ್ನು ಗುರಿಯಾಗಿಸುವ, ಪ್ರಿಸಮ್‌ಗೆ ಆಧಾರವಾದ, ಗುಪ್ತಚರ ಕಣ್ಗಾವಲು ಕಾಯ್ದೆಯ 702ನೆಯ ಕಲಮು 2018ರಲ್ಲಿಯೂ 2024ರ ಏಪ್ರಿಲ್‌ನಲ್ಲಿಯೂ ನವೀಕರಣಗೊಂಡಿತು. ಆ ಬಲೆಯಲ್ಲಿ ಜೊತೆಗೆ ಸಿಕ್ಕಿಬಿದ್ದ ಅಮೆರಿಕನ್ನರ ಸಂದೇಶಗಳನ್ನು ಹುಡುಕಲು ವಾರಂಟ್ ಬೇಕೆಂಬ ತಿದ್ದುಪಡಿ ಕೆಳಮನೆಯಲ್ಲಿ 212ಕ್ಕೆ 212 ಮತಗಳಾಗಿ ಬಿದ್ದುಹೋಯಿತು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕುಳಿತು ಜಿಮೇಲ್ ಬಳಸುವವರಿಗೆ ಅಂಥ ವಾರಂಟಿನ ರಕ್ಷಣೆ ಬೇಕೇ ಎಂಬ ಪ್ರಶ್ನೆ ಆ ತಿದ್ದುಪಡಿಯಲ್ಲಿ ಇರಲೇ ಇಲ್ಲ.